ತೆರಕಣಾಂಬಿಯ ಕೋಟೆಗೆ ನಾವಿಬ್ಬರೇ ಹೋದದ್ದು

ಗಂಡ ಇದ್ದಕ್ಕಿದ್ದ ಹಾಗೆ ಪ್ರೀತಿ ತೋರಿಸಿದರೆ ಹೆಂಡತಿಗೆ ಸಂತೋಷವಾಗುತ್ತದೆ ಎಂದು ಯಾರು ಹೇಳಿದರೋ ನನಗೆ ತಿಳಿಯದು. ಹೇಳಿದವರು ಖಂಡಿತ ಹೆಂಗಸಲ್ಲ. ಒಂಬತ್ತು ವರ್ಷ ಸಂಸಾರ ಮಾಡಿದ ಮನುಷ್ಯ, ಸಾರಿಗೆ ಉಪ್ಪು ಹೆಚ್ಚಾದರೂ ಕಮ್ಮಿಯಾದರೂ ಒಂದೇ ಮುಖ ಮಾಡಿಕೊಂಡು ಉಂಡು ಏಳುವ ಮನುಷ್ಯ, ಒಂದು ಸಾಯಂಕಾಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಎರಡು ಸಲ ಕೆಮ್ಮಿ, ಹೊಸ್ತಿಲನ್ನೇ ನೋಡುತ್ತಾ, "ನಾಳೆ ಎಲ್ಲಿಗಾದ್ರೂ ಓಗಿ ಬರನ ಕಣಮ್ಮಿ, ನಾವಿಬ್ರೇ" ಎಂದರೆ ಏನನ್ನಿಸಬೇಕು, ನೀವೇ ಹೇಳಿ. ನನಗೆ ಅನ್ನಿಸಿದ್ದು ಯಾರೋ ಸತ್ತಿರಬೇಕು ಎಂದು. ಆಗ ನಮ್ಮ ಕಡೆಯ ಹೆಂಗಸರು ಊರು ಬಿಟ್ಟು ಹೊರಡುತ್ತಿದ್ದದ್ದು ಸಾವಿಗೆ, ಬಾಣಂತನಕ್ಕೆ, ಹರಕೆಗೆ. ಬಾಣಂತನಕ್ಕೆ ಒಂದು ಸಲ ತವರಿಗೆ ಹೋಗಿ, ಹುಟ್ಟಿದ ಮಗುವಿಗೆ ಹೆಸರಿಡುವ ಮೊದಲೇ ಅದನ್ನು ಮಣ್ಣಿಗೆ ಕೊಟ್ಟು ಬರಿಗೈಯಲ್ಲಿ ಬಂದಿದ್ದೆ. ಹರಕೆಗಳನ್ನೆಲ್ಲ ತೀರಿಸಿ ಆಗಿತ್ತು. ಉಳಿದದ್ದು ಸಾವೊಂದೇ. "ಯಾರ್ಗೇನಾಯ್ತು?" ಎಂದು ಕೇಳಿದೆ. "ಯಾರ್ಗೂ ಏನೂ ಆಗಿಲ್ಲ. ತೆರಕಣಾಂಬೀಲಿ ಕೋಟೆ ನೋಡ್ಕೊಂಡು, ಅಂಗೇ ಕಲ್ಲೀಕೋಟೆಗೋಗಿ ಸಮುದ್ರ ನೋಡ್ಕೊಂಡು ಬರನ" ಎಂದರು. ಎಮ್ಮೆಗೆ ಹುಲ್ಲು ಹಾಕಿ ಬರೋಣ ಎನ್ನುವಷ್ಟು ಸಲೀಸಾಗಿ ಹೇಳಿದರು.

ನಮ್ಮವರು ಚಾಮರಾಜನಗರದಲ್ಲಿ ಅರಿಶಿನದ ಮಂಡಿಯ ದಲ್ಲಾಳಿ. ಅವರು ಕುದುರಿಸಿದ ಮೂಟೆಗಳು ಗುಂಡ್ಲುಪೇಟೆಯ ಮೇಲೆ ಹಾದು, ಘಟ್ಟ ಇಳಿದು, ಕಲ್ಲಿಕೋಟೆಗೆ ಹೋಗುತ್ತಿದ್ದವು. ಬೆಳಿಗ್ಗೆ ಲಾರಿಗೆ ಹಾಕಿದ ಮೂಟೆ ಕತ್ತಲಾಗುವ ಹೊತ್ತಿಗೆ ಸಮುದ್ರದ ದಡದಲ್ಲಿರುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಮೂಟೆಗೆ ಅದೇ ದಿನ ವಾಪಸು ಬಂದು ಅತ್ತೆಗೆ ಮುದ್ದೆ ತೊಳಸುವ ಕೆಲಸವಿರುವುದಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ. ಮಂಡಿಯ ಮನುಷ್ಯರೇ ಹಾಗೆ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯೇ ಇಲ್ಲ. ಕೊಳ್ಳುವವನ ಕೈಯ ಮೇಲೆ ಟವಲು ಹೊದಿಸುತ್ತಾರೆ, ಟವಲಿನ ಕೆಳಗೆ ಬೆರಳು ಅದುಮುತ್ತಾರೆ, ಇಬ್ಬರೂ ಆಕಾಶ ನೋಡುತ್ತಾ ನಿಂತಿರುತ್ತಾರೆ, ವ್ಯಾಪಾರ ಮುಗಿದುಹೋಗಿರುತ್ತದೆ. ದಿನವಿಡೀ ಹೀಗೆ ಮೂಕಭಾಷೆಯಲ್ಲಿ ಬದುಕಿದವರು ಮನೆಗೆ ಬಂದು ಬಾಯಿಬಿಡುವುದಾದರೂ ಹೇಗೆ? ನಮ್ಮ ಮದುವೆಯಾದ ಮೊದಲ ವರ್ಷ ಇವರು ನನ್ನೊಡನೆ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಕಾಗದದ ಅರ್ಧ ಮಗ್ಗುಲು ತುಂಬುತ್ತಿರಲಿಲ್ಲ. ಅಂಥವರ ಬಾಯಲ್ಲಿ ಕೋಟೆಯೂ ಸಮುದ್ರವೂ ಒಂದೇ ಉಸಿರಿನಲ್ಲಿ ಬಂದುವೆಂದರೆ ಅದು ಅವರ ಸ್ವಂತ ಮಾತಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ.

ನನಗೆ ತಿಳಿಯುವುದಕ್ಕೆ ಜಾಣತನವೂ ಬೇಕಿರಲಿಲ್ಲ. ಅದೇ ದಿನ ಮಧ್ಯಾಹ್ನ ಹಿತ್ತಲಲ್ಲಿ ಅವರೇಕಾಯಿ ಸುಲಿಯುತ್ತಾ ಕೂತಿದ್ದಾಗ ಒಳಗೆ ಅತ್ತೆ ಮಗನಿಗೆ ಪಾಠ ಹೇಳಿಕೊಡುವುದು ಕೇಳಿಸಿತ್ತು. "ಮನೇಲಿ ಕೇಳ್ಬ್ಯಾಡ, ಮನೇಲಿ ಕೇಳುದ್ರೆ ಅಳ್ತಾಳೆ. ಎಲ್ಲಿಗಾದ್ರೂ ಕರ್ಕೊಂಡೋಗು. ಕುಸಿಯಾಗಿರೋ ಒತ್ನಲ್ಲಿ ಕೇಳ್ಬುಡು. ಅವ್ಳ ಬಾಯಿಂದ್ಲೇ ಊಂ ಅನ್ನಿಸ್ಕೊಂಡು ಬಾ." ಕೇಳಬೇಕಾದದ್ದು ಏನೆಂದು ಬೀದಿಗೆಲ್ಲ ಗೊತ್ತಿತ್ತು. ಇವರಿಗೆ ಇನ್ನೊಂದು ಮದುವೆ. ದಿಲ್ಲಿಯಲ್ಲಿ ಏನೋ ಕಾಯಿದೆ ಬರುತ್ತದಂತೆ, ಬಂದ ಮೇಲೆ ಎರಡನೆಯ ಹೆಂಡತಿ ಕೂಡದಂತೆ ಎಂಬ ಸುದ್ದಿ ನಮ್ಮ ಕಡೆಗೂ ಬಂದು, ಬಾಗಿಲು ಹಾಕುವ ಅಂಗಡಿಯ ಮುಂದೆ ಜನ ಮುಗಿಬೀಳುವ ಹಾಗೆ ಮಕ್ಕಳಿಲ್ಲದ ಮನೆಗಳಲ್ಲೆಲ್ಲ ಅವಸರ ಶುರುವಾಗಿತ್ತು. ಹೆಣ್ಣನ್ನೂ ಗೊತ್ತುಮಾಡಿದ್ದರು: ಭೀಮನಬೀಡಿನ ನನ್ನ ಚಿಕ್ಕಪ್ಪನ ಮಗಳು ಪುಟ್ಟಮಣಿ. ನಾನು ಸೊಂಟದ ಮೇಲೆ ಎತ್ತಿಕೊಂಡು ತಿರುಗಾಡಿದ ಹುಡುಗಿ. "ಪರಕೀಯರಲ್ಲ, ನಿನ್ ತಂಗೀನೇಯ" ಎಂದು ಅಕ್ಕಪಕ್ಕದವರು ಆಗಲೇ ನನಗೆ ಸಮಾಧಾನ ಹೇಳಲು ಶುರುಮಾಡಿದ್ದರು. ಒಂದೇ ಒಂದು ತೊಡಕಿತ್ತು. ನಮ್ಮ ಜನರಲ್ಲಿ ಇಂಥ ಮದುವೆಗೆ ಹಿರಿಯ ಹೆಂಡತಿಯೇ ಹೋಗಿ ಹೆಣ್ಣು ಕೇಳಬೇಕು. ಅವಳೇ ವೀಳ್ಯ ಕೊಟ್ಟು, ಅವಳೇ ಆ ಹುಡುಗಿಯ ಮಡಿಲು ತುಂಬಿ ಬರಬೇಕು. ಅವಳು ಬಾರದಿದ್ದರೆ ಮಾನವಂತರು ಹೆಣ್ಣು ಕೊಡುವುದಿಲ್ಲ. ಹಾಗಾಗಿ ನನ್ನ 'ಊಂ' ಎಂಬ ಒಂದು ಅಕ್ಷರಕ್ಕಾಗಿ ಕೋಟೆ, ಸಮುದ್ರ ಎಲ್ಲ ಸಿದ್ಧವಾಗಿದ್ದವು.

ಅತ್ತೆ ಕೆಟ್ಟವರಲ್ಲ. ಮಗು ಹೋದಾಗ ನನಗಿಂತ ಹೆಚ್ಚು ಅತ್ತವರು ಅವರು. ಆದರೆ ನನಗೆ ಅಂದು ಅವರ ಮೇಲೂ ಇವರ ಮೇಲೂ ಹೇಳಲಾರದಷ್ಟು ಕೋಪ ಬಂತು, ಕೋಪದ ಹಿಂದೆಯೇ ಹೆದರಿಕೆ ಬಂತು. ಹೆದರಿಕೆಯಾದಾಗ ನನಗೆ ಕುಚೋದ್ಯ ಹುಟ್ಟುತ್ತದೆ. ಅದು ನನ್ನ ಹುಟ್ಟುಗುಣ, ಸ್ಮಶಾನದಿಂದ ಬಂದವರನ್ನು ಕಂಡು ನಕ್ಕು ಏಟು ತಿಂದವಳು ನಾನು. ಸರಿ, ಕೇಳಲಿ, ಹೇಗೆ ಕೇಳುತ್ತಾರೋ ನೋಡೋಣ, ನಾನಾಗಿ ದಾರಿ ಮಾಡಿಕೊಡುವುದಿಲ್ಲ ಎಂದು ಹಟ ತೊಟ್ಟು ಬೆಳಿಗ್ಗೆ ಎದ್ದು ರೊಟ್ಟಿ ಬಡಿದೆ, ಹುಚ್ಚೆಳ್ಳು ಚಟ್ನಿ ಅರೆದು ಬುತ್ತಿ ಕಟ್ಟಿದೆ, ಮದುವೆಯ ರೇಷ್ಮೆ ಸೀರೆಯನ್ನೇ ಉಟ್ಟೆ. ಇವರ ಲಿಂಗಪೂಜೆ ಅಂದು ದಿನಕ್ಕಿಂತ ಬಹಳ ಹೊತ್ತು ನಡೆಯಿತು. ಪರೀಕ್ಷೆಗೆ ಹೋಗುವ ಹುಡುಗರು ದೇವರಿಗೆ ಹೆಚ್ಚು ಅಡ್ಡಬೀಳುತ್ತಾರಲ್ಲ, ಹಾಗೆ.

'ನಾವಿಬ್ಬರೇ' ಎಂದು ಹೊರಟೆವಲ್ಲ, ಬಸ್ಸಿನಲ್ಲಿ ಇವರು ಮುಂದೆ ಗಂಡಸರ ಜೊತೆ ಕೂತರು, ನಾನು ಹಿಂದೆ ಹೆಂಗಸರ ಜೊತೆ. ಇಳಿದ ಮೇಲೆ ಇವರು ಮುಂದೆ ಮುಂದೆ, ನಾನು ಹಿಂದೆ ಹಿಂದೆ. ಬೀದಿಯಲ್ಲಿ ತಿರುಗಿ ಹೆಂಡತಿಯನ್ನು ನೋಡುವ ಗಂಡಸನ್ನು ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ತೆರಕಣಾಂಬಿಯ ಕೋಟೆಯೆಂದರೆ ನೀವೇನೂ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಒಂದು ಕಡೆ ಗೋಡೆ ನಿಂತಿತ್ತು, ಮಿಕ್ಕ ಕಡೆ ಬಿದ್ದಿತ್ತು. ನಿಂತ ಗೋಡೆಗೆ ಊರಿನ ಹೆಂಗಸರು ಬೆರಣಿ ತಟ್ಟಿದ್ದರು, ಬಿದ್ದ ಗೋಡೆಯ ಮೇಲೆ ಆಡು ಮೇಯುತ್ತಿದ್ದವು. ಎಲ್ಲ ಕಡೆ ಪಾಪಾಸುಕಳ್ಳಿ. ಇವರು ಒಂದು ಕಲ್ಲಿನ ಮೇಲೆ ಹತ್ತಿ ನಿಂತು, "ಇಲ್ಲಿಂದ ಗುಂಡು ಒಡೀತಿದ್ರು" ಎಂದರು. "ಯಾರು?" ಎಂದೆ. "ರಾಜ್ರು." "ಯಾರ್ಗೆ?" "ಬ್ಯಾರೆ ರಾಜ್ರಿಗೆ." ಅಲ್ಲಿಗೆ ಚರಿತ್ರೆ ಮುಗಿಯಿತು. ಟವಲಿನಿಂದ ಮುಖ ಒರೆಸಿಕೊಂಡು, "ಒಂದು ಮಾತು ಕಣಮ್ಮಿ" ಎಂದು ಶುರುಮಾಡಿದರು. ಬಂತು ಎಂದುಕೊಂಡೆ. "ಈ ಕಲ್ಲೆಲ್ಲ ಎಲ್ಲಿಂದ ತಂದಿದ್ದಾರು ಅಂತೀನಿ" ಎಂದರು. "ಅದೋ ಆ ಗುಡ್ಡದಿಂದ ಇರ್ಬೇಕು" ಎಂದೆ. "ಇರ್ಬೇಕು" ಎಂದರು. ಇನ್ನೊಂದು ಸುತ್ತು ಹೋದ ಮೇಲೆ ಮತ್ತೆ "ಒಂದು ಮಾತು" ಬಂತು. ಆ ಸಲ ಅದು ಆಡುಗಳ ವಿಷಯಕ್ಕೆ ತಿರುಗಿತು. ನನಗೆ ಒಳಗೊಳಗೇ ನಗು. ಒಬ್ಬಳು ಹೆಂಗಸಿನ ಬದುಕನ್ನು ಎತ್ತಿ ಬೇರೆ ಕಡೆ ಇಡುವುದಕ್ಕೆ ಬಂದವರು ಒಂದು ವಾಕ್ಯ ಪೂರ್ತಿ ಮಾಡಲಾರದೆ ಬೆವರುತ್ತಿದ್ದರು. ನಗುತ್ತಿದ್ದವಳಿಗೆ, ಬೆರಣಿ ತಟ್ಟಿದ ಕೈಗುರುತುಗಳ ನಡುವೆ ಒಂದು ಮಗುವಿನ ಪುಟ್ಟ ಕೈಗುರುತು ಕಾಣಿಸಿತು. ಯಾವಳೋ ತಾಯಿ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ತಾನೂ ಕೈ ಒತ್ತಿದ್ದ ಮಗು. ನನಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತೆಂದು ಹೇಳಿ ಸೆರಗಿನಲ್ಲಿ ಒರೆಸಿಕೊಂಡೆ.

ಊಟಕ್ಕೆ ನಾನು ತಂದಿದ್ದ ರೊಟ್ಟಿ ಸಾಕಾಗಿತ್ತು. ಆದರೆ ಇವರು, "ಗುರುಮಲ್ಲಪ್ಪನ ಮನೆಗೋಗನ, ಇಷ್ಟು ದೂರ ಬಂದು ಓಗದಿದ್ರೆ ಬೇಜಾರು ಮಾಡ್ಕೋತನೆ" ಎಂದರು. ಗುರುಮಲ್ಲಪ್ಪ ಇವರ ಸೋದರಮಾವನ ಮಗ, ತೆರಕಣಾಂಬಿಯಲ್ಲಿ ಜಮೀನು ಮಾಡಿಕೊಂಡಿದ್ದವರು. ಅವರಿಗೆ ಒಂದೇ ಮನೆಯಲ್ಲಿ ಇಬ್ಬರು ಹೆಂಡತಿಯರು. ಇದೂ ಅತ್ತೆಯ ಪಾಠದಲ್ಲಿ ಸೇರಿದ್ದೆಂದು ನನಗೆ ತಕ್ಷಣ ತಿಳಿಯಿತು. ಸೀರೆ ಕೊಳ್ಳುವ ಮುಂಚೆ ಉಟ್ಟವರ ಮೈಮೇಲೆ ಒಂದು ಸಲ ನೋಡಿ ಬಾ ಎನ್ನುತ್ತಾರಲ್ಲ, ಅದೇ ಲೆಕ್ಕ. ಗಂಡಸರಿಬ್ಬರೂ ಜಗಲಿಯ ಮೇಲೆ ಕೂತು ಅರಿಶಿನದ ಬೆಳೆಯ ಮಾತಿಗಿಳಿದರು. ನಾನು ಒಳಗೆ ಹೋದೆ.

ಒಳಗೆ ಚಿಕ್ಕವಳು ಬಸುರಿ, ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಹಿರಿಯಾಕೆ ಅವಳ ದೊಡ್ಡ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅನ್ನ ಕಲಸಿ ತಿನ್ನಿಸುತ್ತಿದ್ದರು. ನಾನು ನೆನೆಸಿಕೊಂಡು ಹೋದ ಹಾಗೆ ಅಲ್ಲಿ ಜಗಳವೂ ಇರಲಿಲ್ಲ, ಮುಖ ಊದಿಸಿಕೊಂಡವರೂ ಇರಲಿಲ್ಲ. ಇಬ್ಬರೂ ಕೂಡಿ ಗಂಡನನ್ನು ಗೇಲಿ ಮಾಡಿ ನಗುತ್ತಿದ್ದರು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಒಬ್ಬಂಟಿಯಾಗಿ ಕಂಡವರು ಜಗಲಿಯ ಮೇಲಿದ್ದ ಗುರುಮಲ್ಲಪ್ಪನವರೇ. ಚಿಕ್ಕವಳು ಎದ್ದು ಹಿತ್ತಲಿಗೆ ಹೋದಾಗ ಹಿರಿಯಾಕೆ ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ಕೇಳಕ್ಕೆ ಕರ್ಕೊಂಡು ಬಂದವ್ನಾ?" ಎಂದರು. ನಾನು ಸೀರೆಯ ಜರಿಯನ್ನು ಮಡಿಕೆಯೊಳಗೆ ಮುಚ್ಚಿಕೊಂಡೆ. "ಗಂಡ ಎಲ್ಲಿಗಾದ್ರೂ ಕರ್ಕೊಂಡೋದ್ರೆ ಅದ್ಕೇಯ. ನನ್ನೂ ಮಾದಪ್ಪನ ಬೆಟ್ಟಕ್ಕೆ ಕರ್ಕೊಂಡೋಗಿದ್ರು" ಎಂದು ಮಗುವಿನ ಬಾಯಿ ಒರೆಸಿದರು. ಹೇಗಿದ್ದೀರಿ ಎಂದು ಕೇಳಿದೆ.

"ನಂಗೇನು ಕಮ್ಮಿಯಾಗ್ಯದೆ ತಂಗಿ? ಬೀಸೋ ಕಲ್ಗೆ ಇನ್ನೊಂದು ಕೈ ಬಂತು. ತಲೆನೋವು ಅಂದ್ರೆ ಬಿಸಿನೀರು ಕಾಸ್ಕೊಡ್ತಳೆ. ಒಳ್ಳೇವ್ಳು ಕಣವ್ವ ಅವ್ಳು. ಅದೇ ಕಷ್ಟ. ಕೆಟ್ಟೋಳಾಗಿದ್ರೆ ಬೈಕೊಂಡಾದ್ರೂ ಇರ್ತಿದ್ದೆ." ಆಮೇಲೆ ದನಿ ತಗ್ಗಿಸಿ, "ಅವ್ಳು ಬಂದ ದಿನದಿಂದ ನನ್ನ ಯಾರೂ ಎಸ್ರಿಡ್ದು ಕರ್ದಿಲ್ಲ. ದೊಡ್ಡೋಳು, ದೊಡ್ಡೋಳು ಅಂತಾರೆ. ನಂಗಾಗ ಇಪ್ಪತ್ತೆಲ್ಡೋ ಇಪ್ಪತ್ಮೂರೋ" ಎಂದರು. ನಾನು ಏನು ಮಾಡಲಿ ಎಂದು ನಾನು ಕೇಳಲಿಲ್ಲ. ಆದರೂ ಅವರು ಹೇಳಿದರು. "ಊಂ ಅಂದ್ಬುಡು. ಬ್ಯಾಡ ಅಂದ್ರೆ ಈ ವರ್ಸ ತಪ್ತದೆ, ಮುಂದಿನ ವರ್ಸ ತಪ್ಪಕ್ಕಿಲ್ಲ. ಊಂ ಅಂದೋಳ ಸೊಂಟದಲ್ಲಿ ಉಗ್ರಾಣದ ಬೀಗದ ಕೈಯಾದ್ರೂ ಉಳೀತದೆ. ಬ್ಯಾಡ ಅಂದೋಳಿಗೆ ಅದೂ ಇಲ್ಲ." ಇಷ್ಟು ಹೇಳಿ ಎದ್ದು, ಎಲೆ ಹಾಕಿ, ನನಗೆ ತುಪ್ಪ ಬಡಿಸಿದರು. ಆ ಊಟದ ರುಚಿಯೇ ನನಗೆ ನೆನಪಿಲ್ಲ.

ಕುಚೋದ್ಯವೆಲ್ಲ ಆ ಅಡುಗೆಮನೆಯಲ್ಲೇ ಇಂಗಿಹೋಯಿತು. ಗುಂಡ್ಲುಪೇಟೆಯ ಬಸ್ಸು ಹತ್ತುವಷ್ಟರಲ್ಲಿ ನಾನು 'ಊಂ' ಅನ್ನುವುದೆಂದು ತೀರ್ಮಾನ ಮಾಡಿಬಿಟ್ಟಿದ್ದೆ. ಬರಿಯ 'ಊಂ' ಅಂದರೆ ಸೋತ ಹಾಗೆ ಕಾಣುತ್ತದೆಂದು ಒಂದು ಗಂಭೀರವಾದ ಮಾತನ್ನೂ ಜೋಡಿಸಿಟ್ಟುಕೊಂಡೆ: "ಆಗಲಿ, ಪುಟ್ಟಮಣಿ ನನ್ನ ತಂಗಿಯೇ ಅಲ್ಲವೇ, ಮಡಿಲು ನಾನೇ ತುಂಬುತ್ತೇನೆ." ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅದನ್ನೇ ಉರುಹೊಡೆದೆ. ಒಮ್ಮೆ ದೊಡ್ಡ ಮನಸ್ಸಿನವಳ ಹಾಗೆ, ಒಮ್ಮೆ ಚುಚ್ಚುವ ಹಾಗೆ, ಒಮ್ಮೆ ಅಳು ನುಂಗಿದ ಹಾಗೆ. ಚುಚ್ಚುವ ಹಾಗೆ ಹೇಳಿದರೇ ಚೆನ್ನಾಗಿತ್ತು. ಪಕ್ಕದಲ್ಲಿ ಕೂತ ಹೆಂಗಸು, "ಏನವ್ವಾ, ಮಂತ್ರ ಏಳ್ತಾ ಇದ್ದೀಯಾ?" ಎಂದು ಕೇಳಿದಳು.

ಗುಂಡ್ಲುಪೇಟೆಯಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಕಲ್ಲಿಕೋಟೆಯ ಬಸ್ಸಿನ ಏಜೆಂಟನು ಇವರ ಮಾತು ಕೇಳಿ, ರೇಷ್ಮೆ ಸೀರೆಯುಟ್ಟ ನನ್ನನ್ನೂ ಟವಲು ಹೊದ್ದ ಇವರನ್ನೂ ನೋಡಿ, "ಸಮುದ್ರ ನೋಡಿ ಸಂಜೆಗೇ ವಾಪಸ್ಸಾ?" ಎಂದು ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕೇಳಿದ. ಬಸ್ಸು ಬೆಳಿಗ್ಗೆಯೇ ಹೋಗಿಯಾಗಿತ್ತು. ಇವರ ಮುಖ ಸಣ್ಣಗಾಯಿತು. ಬಸ್ ಸ್ಟ್ಯಾಂಡಿನ ಎದುರಿಗೆ ಹಗ್ಗ, ಚಾಪೆ ಮಾರುತ್ತಿದ್ದ ಖಾದರ್ ಸಾಬರು ಇವರಿಗೆ ವ್ಯಾಪಾರದ ಪರಿಚಯ. ಅವರು ಕರೆದು ಅಂಗಡಿಯ ಬೆಂಚಿನ ಮೇಲೆ ಕೂರಿಸಿದರು. "ಸಮುದ್ರದಲ್ಲಿ ಏನಿದೆ ತಾಯಿ, ನೀರು ಬರ್ತದೆ, ನೀರು ಹೋಗ್ತದೆ. ನಮ್ಮ ಮನೆಯವರನ್ನ ಒಂದು ಸಲ ಕರ್ಕೊಂಡು ಹೋಗಿದ್ದೆ. ಸ್ವಲ್ಪ ಹೊತ್ತು ನೋಡಿದ್ರು, 'ನಡೀರಿ, ಮನೇಲಿ ಅಕ್ಕಿ ನೆನೆಹಾಕಿ ಬಂದೀನಿ' ಅಂದ್ರು" ಎಂದು ನನಗೆ ಸಮಾಧಾನ ಹೇಳಿದರು. ಅಷ್ಟರಲ್ಲಿ ಮಲೆಯಾಳದ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಅದರ ಮೇಲಿಂದ ಒಣಮೀನಿನ ಮೂಟೆಗಳನ್ನು ಇಳಿಸತೊಡಗಿದರು. ಮೂಗಿಗೆ ಬಡಿದ ಆ ವಾಸನೆಗೆ ಇವರು ಟವಲನ್ನು ಮೂಗಿಗೆ ಒತ್ತಿಕೊಂಡರು. ವಿಭೂತಿ ಹಚ್ಚಿದ ಹಣೆ, ಅದರ ಕೆಳಗೆ ಟವಲು, ನಡುವೆ ದಿಗಿಲುಬಿದ್ದ ಎರಡು ಕಣ್ಣು. ನನ್ನ ಪಾಲಿಗೆ ಸಮುದ್ರ ಬಂದದ್ದು ಇಷ್ಟೇ. ಸಾಬರು ನಮಗೆ ಹೋಟೆಲಿನಿಂದ ಕಾಫಿ ತರಿಸಲು ತಾವೇ ಎದ್ದು ಹೋದರು. ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು.

ಇನ್ನು ತಡೆಯಲಾರೆ ಎನ್ನಿಸಿತು. ಕತ್ತು ಕೊಟ್ಟ ಮೇಲೆ ಕತ್ತಿ ಮಸೆಯುವುದನ್ನು ಎಷ್ಟು ಹೊತ್ತು ಕೇಳಿಸಿಕೊಳ್ಳುವುದು? "ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ದೀರಿ, ಕೇಳ್ಬುಡಿ" ಎಂದೆ. ಇವರು ಮೂಗಿನಿಂದ ಟವಲು ತೆಗೆದು ನನ್ನನ್ನು ನೋಡಿದರು. ಆ ಇಡೀ ದಿನದಲ್ಲಿ ನನ್ನ ಮುಖ ನೋಡಿದ್ದು ಅದೊಂದು ಸಲ. ಬಹಳ ಹೊತ್ತು ನೋಡಿದರು. ನನ್ನ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. "ಕಾಲು ನೋಯ್ತಾ ಅದಾ?" ಎಂದು ಕೇಳಿದರು. "ಇಲ್ಲ" ಎಂದೆ. "ಮತ್ತೆ ಸರಿ" ಎಂದರು. ಕಾಫಿ ಬಂತು, ಕುಡಿದೆವು, ಚಾಮರಾಜನಗರದ ಬಸ್ಸು ಹತ್ತಿದೆವು. ಇವರು ಮುಂದೆ, ನಾನು ಹಿಂದೆ. ಇಂಥ ಹೇಡಿಯನ್ನು ಕಟ್ಟಿಕೊಂಡೆನಲ್ಲ, ಸಾಯಿಸಬೇಕಾದರೂ ಒಂದೇ ಏಟಿಗೆ ಸಾಯಿಸಲಾರದವನು ಎಂದು ಮನಸ್ಸಿನಲ್ಲೇ ಬೈಯುತ್ತಾ ಮನೆ ಸೇರಿದೆ.

ಅತ್ತೆ ದೀಪ ಹಚ್ಚಿ ಬಾಗಿಲಲ್ಲೇ ಕಾದಿದ್ದರು. ನಾನು ಹೊಸ್ತಿಲು ದಾಟುವುದಕ್ಕೂ ಪುರುಸೊತ್ತು ಕೊಡದೆ, "ಕೇಳ್ದಾ?" ಎಂದು ಮಗನನ್ನು ಕೇಳಿದರು. ಇವರು ಚೊಂಬಿನಿಂದ ಕಾಲಿಗೆ ನೀರು ಹಾಕಿಕೊಳ್ಳುತ್ತಾ, "ಕೇಳ್ದೆ ಕಣವ್ವ" ಎಂದರು.

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ನಾನು ಮತ್ತೆ ಹೊರಗೇ ಇಳಿಸಿದೆ.

"ಏನಂದ್ಲು?"

"ಸುತರಾಂ ಒಪ್ಪಕ್ಕಿಲ್ಲ ಅಂದ್ಲು. ಎಷ್ಟು ಏಳುದ್ರೂ ಕೇಳ್ನಿಲ್ಲ. ಇನ್ನೊಬ್ಳನ್ನ ಕರ್ಕೊಂಡು ಬಂದ್ರೆ ಬಾವಿಗೆ ಬೀಳ್ತೀನಿ ಅಂದ್ಲು. ನಾನೇನ್ ಮಾಡ್ಲಿ?"

ಕಾಲು ತೊಳೆದದ್ದು ಆಗಿತ್ತು. ಆದರೂ ಇವರು ಚೊಂಬು ಖಾಲಿಯಾಗುವವರೆಗೂ ಅದೇ ಕಾಲಿಗೆ ನೀರು ಸುರಿಯುತ್ತಿದ್ದರು. ತಲೆ ಎತ್ತಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ದಿಟವಾ ಅಮ್ಮಿ?" ಎಂದರು. ಮಂಡಿಯಲ್ಲಿ ಇದು ದಿನನಿತ್ಯ ನಡೆಯುವ ಕೆಲಸ ಎಂದು ನನಗೆ ಆಮೇಲೆ ತಿಳಿಯಿತು. ಮಾರುವವನು ಕೇಳಿದ ಬೆಲೆ ದಲ್ಲಾಳಿಗೆ ಇಷ್ಟವಿಲ್ಲದಿದ್ದರೆ, ಕೊಳ್ಳುವವನನ್ನು ಕೇಳದೆಯೇ 'ಅವರು ಒಪ್ಪಲಿಲ್ಲ' ಎಂದುಬಿಡುತ್ತಾರಂತೆ. ಆದರೆ ಆ ಗಳಿಗೆಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ. ದಾರಿಯುದ್ದಕ್ಕೂ ಉರುಹೊಡೆದ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿದರೆ ಇವರು ಸುಳ್ಳುಗಾರ, ನಾನು ದೊಡ್ಡ ಮನಸ್ಸಿನವಳು. ಆಡದಿದ್ದರೆ ನಾನು ವಂಶ ಕೆಡಿಸಿದ ಗಯ್ಯಾಳಿ. "ಊಂ ಕಣತ್ತೆ, ಬಿದ್ದೇ ಬೀಳ್ತೀನಿ" ಎಂದೆ. ಕಷ್ಟಪಟ್ಟು ಸಿದ್ಧಮಾಡಿಕೊಂಡಿದ್ದ 'ಊಂ' ಹೀಗೆ ಬೇರೆ ಕೆಲಸಕ್ಕೆ ಖರ್ಚಾಯಿತು.

ಮಾರನೆಯ ದಿನವೇ ಅತ್ತೆ ಬಡಗಿಯನ್ನು ಕರೆಸಿ ಹಿತ್ತಲ ಬಾವಿಗೆ ಹಲಸಿನ ಹಲಗೆಯ ಮುಚ್ಚಳ ಮಾಡಿಸಿದರು. ಸಾಯುತ್ತೇನೆ ಎಂದವಳು ಸಾಯಬಾರದೆಂಬ ಕಾಳಜಿ ಅದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾವಿಯಲ್ಲಿ ನೀರು ಸೇದುವವಳು ನಾನೊಬ್ಬಳೇ ಆದ್ದರಿಂದ ಆ ಭಾರದ ಹಲಗೆಯನ್ನು ದಿನಾ ಎತ್ತಿ ಇಳಿಸುವ ಕೆಲಸ ನನಗೇ ಬಂತು, ಅದರಿಂದ ಬಂದ ಸೊಂಟನೋವು ಇಂದಿಗೂ ಹೋಗಿಲ್ಲ. ಕಾಯಿದೆ ಬಂತು, ಎರಡನೆಯ ಮದುವೆಯ ಮಾತು ನಿಂತಿತು. ಪುಟ್ಟಮಣಿಯನ್ನು ಬೇರೆ ಕಡೆ ಕೊಟ್ಟರು. ಮಗಳಿಗೆ ಒದಗಿದ್ದ ಮನೆಯನ್ನು ತಪ್ಪಿಸಿದಳೆಂದು ಚಿಕ್ಕಮ್ಮ ನನ್ನನ್ನು ಆ ಮದುವೆಗೆ ಕರೆಯಲಿಲ್ಲ. ಅತ್ತೆ ಕೊನೆಯವರೆಗೂ ನಾನು ಬಡಿಸಿದ್ದನ್ನು ಉಂಡರು, ನನ್ನೊಡನೆ ಮಾತ್ರ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಪ್ರಾಣ ಹೋಗುವ ಮುಂಚೆ ನನ್ನ ಕೈಯಿಂದ ನೀರು ಕುಡಿದು, "ಒಂದು ಊಂ ಅಂದಿದ್ರೆ ಮೊಮ್ಮಗ ಬಿಡ್ತಿದ್ದ ಕಣಮ್ಮಿ ಈ ನೀರ" ಎಂದರು. ಆಗಲೂ ನಾನು ಬಾಯಿಬಿಡಲಿಲ್ಲ. ಇವರು ಕಂಬಕ್ಕೆ ಒರಗಿ ನಿಂತಿದ್ದರು, ಇವರೂ ಬಿಡಲಿಲ್ಲ.

ಆ ಸಂಜೆ ಇವರು ಆಡಿದ್ದು ನನ್ನ ಮೇಲಿನ ಪ್ರೀತಿಯಿಂದಲೋ, ಕೇಳುವ ಧೈರ್ಯ ಬಾರದೆ ತಾಯಿಗೆ ಹೇಳಿದ ಸುಳ್ಳೋ? ಹೊರಡುವ ಮುಂಚೆಯೇ ಹಾಗೆ ಹೇಳುವುದೆಂದು ನಿಶ್ಚಯ ಮಾಡಿಕೊಂಡೇ ನನ್ನನ್ನು ಕರೆದೊಯ್ದರೋ, ಕಾಲು ತೊಳೆಯುವಾಗ ಹೊಳೆಯಿತೋ? ಯೋಚಿಸಿ ಯೋಚಿಸಿ ನನ್ನ ತಲೆ ನೆರೆತಿದೆ. ಯೋಚಿಸುವ ಅಗತ್ಯವೇನಿದೆ, ಕೇಳಬಹುದಲ್ಲ ಎಂದು ನೀವು ಅನ್ನುತ್ತೀರಿ. ಇವರು ಇನ್ನೂ ಇದ್ದಾರೆ, ಗಟ್ಟಿಯಾಗಿದ್ದಾರೆ, ಕಿವಿಯೂ ಚೆನ್ನಾಗಿ ಕೇಳುತ್ತದೆ. ಈಗ ನಾನು ಇದನ್ನು ಬರೆಯುತ್ತಿರುವಾಗ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ನಾನು ಎಷ್ಟೋ ಸಲ ಎದ್ದು ಬಾಗಿಲವರೆಗೆ ಹೋಗಿದ್ದೇನೆ. "ಒಂದು ಮಾತು" ಎಂದೂ ಅಂದಿದ್ದೇನೆ. ಇವರು ತಲೆಯೆತ್ತಿ ನೋಡಿದೊಡನೆ, "ಧೈರ್ಯ ಬರ್ನಿಲ್ಲ ಕಣಮ್ಮಿ, ಅಷ್ಟೇಯ" ಎಂದುಬಿಟ್ಟರೆ ನನ್ನ ಗತಿಯೇನು ಎಂದು ಹೆದರಿಕೆಯಾಗುತ್ತದೆ. ಆಗ ಸುಣ್ಣ ಬೇಕೇ ಎಂದು ಕೇಳಿ ಒಳಗೆ ಬಂದುಬಿಡುತ್ತೇನೆ.